ಇಎಂಐಗೆ ಆಟೋ-ಡೆಬಿಟ್, ಅಜ್ಜಿಯ ದನಿಗೆ ‘ಪುರುಸೊತ್ತಾದಾಗ’

ನಿಮ್ಮ ಮನೆಯಲ್ಲೂ ಅದು ಇರುತ್ತೆ. ಅಂಗೈ ಅಗಲದ ಕಪ್ಪು ಹಾರ್ಡ್ ಡಿಸ್ಕ್. ಪಾಸ್‌ಪೋರ್ಟ್ ಇಡುವ ಡ್ರಾಯರ್‌ನಲ್ಲಿ, ಇಲ್ಲವೇ ರೇಷ್ಮೆ ಸೀರೆಗಳ ನಡುವೆ. ಅದರೊಳಗೆ ನಿಮ್ಮ ಮದುವೆ ಇದೆ, ಮಗುವಿನ ಮೊದಲ ಹೆಜ್ಜೆ ಇದೆ, ಊರಿನ ರಥೋತ್ಸವ ಇದೆ, ಈಗ ಇಲ್ಲದ ಅಜ್ಜಿಯ ಮಾತು ಇದೆ. ‘ಇದರದ್ದೊಂದು ಕಾಪಿ ಮಾಡಿ ಊರಲ್ಲಿ ಇಡಬೇಕು’ ಅಂತ ಎಷ್ಟು ವರ್ಷದಿಂದ ಅಂದುಕೊಳ್ತಾ ಇದ್ದೀರಿ? ಒಂದು ಸಲ ಶುರುವನ್ನೂ ಮಾಡಿದ್ದಿರಿ. ‘ಇನ್ನೂ 9 ಗಂಟೆ ಬಾಕಿ’ ಅಂತ ತೋರಿಸಿತು, ಹಾಗೇ ಬಿಟ್ಟು ಮಲಗಿದಿರಿ. ಬೆಳಿಗ್ಗೆ ನೋಡಿದರೆ ಲ್ಯಾಪ್‌ಟಾಪೂ ಮಲಗಿತ್ತು. ಯಾವುದು ಹೋಗಿದೆ, ಯಾವುದು ಹೋಗಿಲ್ಲ, ಗೊತ್ತಾಗಲಿಲ್ಲ. ಮುಂದಿನ ರಜೆಗೆ ನೋಡೋಣ ಅಂತ ಕೈಬಿಟ್ಟಿರಿ.

ಇದೇ ವರ್ಷಗಳಲ್ಲಿ ಊರಿನ ಮನೆಸಾಲದ ಇಎಂಐ ಒಂದು ತಿಂಗಳೂ ತಪ್ಪಲಿಲ್ಲ. ಯಾಕೆ ಅಂದರೆ ಅದನ್ನು ನೀವು ನಿಮ್ಮ ಪುರುಸೊತ್ತಿಗೆ ಬಿಟ್ಟಿರಲಿಲ್ಲ. ಬ್ಯಾಂಕಿಗೆ ಒಂದೇ ಸಲ ಬರೆದುಕೊಟ್ಟಿರಿ, ಅದು ತಾನಾಗಿ ಹೋಗ್ತಾ ಇದೆ. ಸಾಲಕ್ಕೆ ಕೊಟ್ಟ ಈ ಮರ್ಯಾದೆಯನ್ನು ಅಜ್ಜಿಯ ದನಿಗೆ ಯಾಕೆ ಕೊಡಲಿಲ್ಲ ಅನ್ನೋದು ನನ್ನ ಪ್ರಶ್ನೆ. ಈ ಬರಹ ನಿಮ್ಮ ಜೊತೆ ಜಗಳಕ್ಕೇ ಅಂತಲೇ ತಿಳ್ಕೊಳ್ಳಿ.

ಜಗಳ ಆಡೋ ಹಕ್ಕು ನನಗೆ ಎಲ್ಲಿಂದ ಬಂತು ಅಂತಲೂ ಹೇಳಿಬಿಡ್ತೀನಿ. ನಮ್ಮದು ಕುಂದಾಪುರದ ಕಡೆ. 2017ರ ರಜೆಯಲ್ಲಿ ಅಜ್ಜಿ ಜಗಲಿ ಮೇಲೆ ಕೂತು, ತನ್ನ ತಾಯಿ ಹೊಳೆ ದಾಟಿ ಗಂಡನ ಮನೆಗೆ ಬಂದ ಕಥೆಯನ್ನು ನಲವತ್ತು ನಿಮಿಷ ಹೇಳಿದ್ದರು. ಚಿಕ್ಕಪ್ಪನ ಮಗ ಫೋನಲ್ಲಿ ವಿಡಿಯೋ ಮಾಡಿಕೊಂಡ. ನಾನು ಸಲಾಲಾಕ್ಕೆ ವಾಪಸ್ ಬಂದ ಮೇಲೆ ಅದನ್ನು ತುಂಡು ತುಂಡು ಮಾಡಿ ಮೆಸೇಜ್ ಆ್ಯಪ್‌ನಲ್ಲಿ ಕಳಿಸಿದ. ‘ಬಂತಲ್ಲ, ಸಾಕು’ ಅಂದುಕೊಂಡೆ. ಮರುವರ್ಷ ಅವನ ಫೋನು ಬಾವಿಕಟ್ಟೆಯಿಂದ ನೀರಿಗೆ ಬಿತ್ತು. ಅದರ ಮರುವರ್ಷ ಅಜ್ಜಿ ಹೋದರು. ನನ್ನ ಹತ್ತಿರ ಉಳಿದಿರೋದು ಹಿಂಡಿ ಚಿಕ್ಕದು ಮಾಡಿದ ತುಂಡುಗಳು ಮಾತ್ರ. ಮುಖ ಮಸುಕು, ದನಿ ಡಬ್ಬಿಯೊಳಗಿಂದ ಬಂದ ಹಾಗೆ.

ಈಗ ಮಗಳು ಅದನ್ನು ಕೇಳಿ ಕುಂದಾಪುರ ಕನ್ನಡ ಕಲೀತಾ ಇದ್ದಾಳೆ. ಒಂದು ಕಡೆ ನಿಲ್ಲಿಸಿ ಕೇಳಿದಳು: ‘ಇಲ್ಲಿ ಮುತ್ತಜ್ಜಿ ಹೋಯ್ತ್ ಅಂದ್ರಾ, ಹೋಯ್ಕ್ ಅಂದ್ರಾ?’ ಮೊದಲನೆಯದಾದರೆ ದೋಣಿ ಹೋಯಿತು. ಎರಡನೆಯದಾದರೆ ನಾನು ಹೋಗಬೇಕು. ಇಡೀ ಕಥೆ ತಿರುಗೋದು ಆ ಒಂದು ಒತ್ತಿನ ಮೇಲೆ. ಹತ್ತು ಸಲ ಕೇಳಿದೆವು. ತಿಳಿಯಲಿಲ್ಲ. ಕೇಳೋಣ ಅಂದರೆ ಹೇಳುವವರು ಇಲ್ಲ.

ಮನೆಯಿಂದ ದೂರ ಇದ್ದು ಕನ್ನಡ ಕಲಿಯೋ ಮಕ್ಕಳಿಗೆ ಪಠ್ಯಪುಸ್ತಕ ಸಿಗುತ್ತೆ, ಪಾಡ್‌ಕಾಸ್ಟ್ ಸಿಗುತ್ತೆ. ತನ್ನ ಮನೆಯ ಕನ್ನಡ ಸಿಗೋದು ಇಂಥ ಫೈಲುಗಳಲ್ಲಿ ಮಾತ್ರ. ಅದು ಹಾಳಾದರೆ ಇನ್ನೊಂದು ಅಂಗಡಿಯಲ್ಲಿ ಸಿಗಲ್ಲ.

ವೇಗದ ಮೇಲೆ ತಪ್ಪು ಹೊರಿಸಬೇಡಿ

‘ನೆಟ್ ಸ್ಲೋ ಇದೆ, ದೊಡ್ಡ ಪ್ಲಾನ್ ಹಾಕಿಸ್ಕೋಬೇಕು’ ಅನ್ನೋದು ಮೊದಲ ನೆಪ. ಸಲಾಲಾದ ಕಡಲ ತೀರಕ್ಕೇ 2ಆಫ್ರಿಕಾ ಅನ್ನುವ ದೊಡ್ಡ ಸಮುದ್ರತಳದ ಕೇಬಲ್ ಬಂದು ಸೇರುತ್ತೆ. ನಿಮ್ಮ ಫೈಲು ಸಿಕ್ಕಿಕೊಂಡಿರೋದು ಸಮುದ್ರದಲ್ಲಿ ಅಲ್ಲ, ನಿಮ್ಮ ಮೇಜಿನ ಮೇಲೆ. ಖರೀಫ್ ಹೊತ್ತಿಗೆ ಇತ್ತೀನ್ ಬೆಟ್ಟದ ಕಡೆ ಹೋಗಿದ್ದೀರಲ್ಲ? ರಸ್ತೆ ಎಷ್ಟೇ ಅಗಲ ಇದ್ದರೂ ಎಲ್ಲರೂ ಒಂದು ರೌಂಡ್‌ಅಬೌಟ್‌ನಲ್ಲಿ ನಿಲ್ಲಬೇಕು. ಫೈಲುಗಳ ಕಥೆಯೂ ಅಷ್ಟೇ. ದಾರಿಯಲ್ಲಿ ಅತಿ ಕಿರಿದಾದ ಜಾಗ ಯಾವುದೋ, ಒಟ್ಟು ವೇಗ ಅದರದ್ದೇ.

ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ. ಕಂಪನಿಗಳು ವೇಗವನ್ನು ಮೆಗಾಬಿಟ್‌ನಲ್ಲಿ ಹೇಳುತ್ತವೆ, ಫೈಲಿನ ಅಳತೆ ಇರೋದು ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಮೆಗಾಬಿಟ್‌ನ ಪ್ಲಾನ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. ಅದೂ ಇಳಿಸಿಕೊಳ್ಳುವ ವೇಗ. ಎಷ್ಟೋ ಪ್ಲಾನ್‌ಗಳಲ್ಲಿ ಕಳಿಸುವ ವೇಗ ಅದಕ್ಕಿಂತ ಬಹಳ ಕಡಿಮೆ. ನೀವು ಊರಿಗೆ ಕಳಿಸುವಾಗ ಬಳಕೆಯಾಗೋದು ಈ ಎರಡನೆಯದು, ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿರೋದು ಮೊದಲನೆಯದು.

ಆಮೇಲೆ ಕೇಬಲ್ ನೋಡಿ. ಹಳೆಯ ಯುಎಸ್‌ಬಿ 2 ಕಿಂಡಿಗೆ ಡಿಸ್ಕ್ ಚುಚ್ಚಿದರೆ ಸೆಕೆಂಡಿಗೆ 35 ಮೆಗಾಬೈಟ್ ಆಸುಪಾಸು ಹೋಗುತ್ತೆ. 500 ಜಿಬಿಗೆ ಸುಮಾರು 4 ಗಂಟೆ. ಅದೇ ಡಿಸ್ಕನ್ನು ಯುಎಸ್‌ಬಿ 3 ಕಿಂಡಿಗೆ ಹಾಕಿದರೆ, ಒಳಗೆ ತಿರುಗುವ ತಟ್ಟೆಯೇ ಮಿತಿ ಆಗುತ್ತೆ. ಸೆಕೆಂಡಿಗೆ 120 ಮೆಗಾಬೈಟ್ ಅಂತ ಇಟ್ಟುಕೊಂಡರೂ ಒಂದು ಗಂಟೆ ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಈ ಕಿಂಡಿಯೊಳಗೆ ನೀಲಿ ನಾಲಿಗೆ ಇರುತ್ತೆ. ಖರ್ಚು ಸೊನ್ನೆ, ಬಗ್ಗಿ ನೋಡಬೇಕು ಅಷ್ಟೆ. ಫೋನಿನ ಚಾರ್ಜರ್ ಜೊತೆ ಬಂದ ವೈರು ಎಷ್ಟೋ ಸಲ ಯುಎಸ್‌ಬಿ 2 ವೇಗದ್ದೇ ಆಗಿರುತ್ತೆ, ಅದನ್ನು ನಂಬಿಕೊಂಡು ವಿಡಿಯೋ ಇಳಿಸೋಕೆ ಕೂರಬೇಡಿ.

ಮನೆಯೊಳಗೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಳಿಸ್ತೀರಾ? ಎರಡು ಕಾಂಕ್ರೀಟ್ ಗೋಡೆ ದಾಟಿ ಬರುವ ವೈಫೈ ಬಿಡಿ, ರೌಟರಿಗೆ ನೆಟ್‌ವರ್ಕ್ ಕೇಬಲ್ ಹಾಕಿ. ಗಿಗಾಬಿಟ್ ಕಿಂಡಿ ಇದ್ದರೆ ಸೆಕೆಂಡಿಗೆ 110 ಮೆಗಾಬೈಟ್ ತನಕ ಹೋಗುತ್ತೆ.

ಕೊನೆಗೆ ಫೈಲುಗಳ ಸಂಖ್ಯೆ. ಹತ್ತು ಸಾವಿರ ಪುಟ್ಟ ಫೋಟೋ ಕಳಿಸೋದು ಅಷ್ಟೇ ತೂಕದ ಒಂದು ವಿಡಿಯೋ ಕಳಿಸೋದಕ್ಕಿಂತ ನಿಧಾನ. ಪ್ರತಿ ಫೈಲಿಗೂ ಆ ಕಡೆಯ ಯಂತ್ರವನ್ನು ಕೇಳಿ, ಉತ್ತರ ಬಂದ ಮೇಲೆ ಮುಂದಿನದಕ್ಕೆ ಹೋಗುವ ಪದ್ಧತಿ ಇದ್ದರೆ, ಒಂದು ಸಲ ಹೋಗಿ ಬರೋಕೆ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿದರೂ ಬರೀ ಕಾಯೋದಕ್ಕೇ 17 ನಿಮಿಷ. ಅಂಥವನ್ನು ವರ್ಷಕ್ಕೊಂದರಂತೆ ಒಂದೇ ಜಿಪ್ ಕಟ್ಟಿ ಕಳಿಸಿ. ಕಟ್ಟಿದರೆ ಗಾತ್ರ ಕಡಿಮೆ ಆಗುತ್ತೆ ಅಂತ ಅಂದುಕೊಳ್ಳಬೇಡಿ. ಫೋಟೋ, ವಿಡಿಯೋ ಆಗಲೇ ಒತ್ತಿದ ಫೈಲುಗಳು, ಇನ್ನು ಕುಗ್ಗಲ್ಲ. ‘ಹೆಚ್ಚು ಕುಗ್ಗಿಸು’ ಅನ್ನುವ ಆಯ್ಕೆ ಒತ್ತಿ ಕೂತವರು ಪ್ರೊಸೆಸರ್ ಬಿಸಿ ಮಾಡಿಕೊಂಡರು, ಅಷ್ಟೇ ಲಾಭ.

ಸೂಟ್‌ಕೇಸ್‌ಗೂ ಒಂದು ವೇಗ ಇದೆ

1347ರಲ್ಲಿ ಇಬ್ನ್ ಬತೂತ ಕಲ್ಲಿಕೋಟೆಯಿಂದ ಹೊರಟು 28 ದಿನಕ್ಕೆ ಇದೇ ಧೋಫಾರಿನ ತೀರಕ್ಕೆ ಬಂದಿಳಿದ. ಗಾಳಿ ಅನುಕೂಲವಾಗಿತ್ತು. ಇಲ್ಲಿಂದ ಆ ಕಡೆಗೆ ಕುದುರೆಗಳು ಹೋಗ್ತಿದ್ದವು. ಈಗ ನೀವು ಸಲಾಲಾದಲ್ಲಿ ಮನೆ ಬಾಗಿಲು ಹಾಕಿ, ಮಸ್ಕತ್ ಮೇಲೆ ಹಾರಿ, ಊರಿನ ಅಂಗಳಕ್ಕೆ ಕಾಲಿಡೋಕೆ ಒಂದು ದಿನ ಅಂತ ಇಟ್ಟುಕೊಳ್ಳಿ. ಕೈಚೀಲದಲ್ಲಿ 2 ಟಿಬಿ ಡಿಸ್ಕ್ ಇದ್ದರೆ, ಆ ಪ್ರಯಾಣದ ವೇಗ ಸೆಕೆಂಡಿಗೆ 185 ಮೆಗಾಬಿಟ್ ಆಯ್ತು. ಸೆಕೆಂಡಿಗೆ 20 ಮೆಗಾಬಿಟ್ ಕಳಿಸುವ ನೆಟ್‌ನಲ್ಲಿ ಅದೇ 2 ಟಿಬಿ ಹೋಗೋಕೆ ಹಗಲು ರಾತ್ರಿ ಸೇರಿ 9 ದಿನ ಮೇಲೆ ಬೇಕು.

ಆದ್ದರಿಂದ ಮೊದಲ ದೊಡ್ಡ ಕಾಪಿಯನ್ನು ಸೂಟ್‌ಕೇಸಿನಲ್ಲೇ ಒಯ್ಯಿರಿ, ಅದರಲ್ಲಿ ನಾಚಿಕೆ ಪಡೋಕೆ ಏನೂ ಇಲ್ಲ. ನಾಚಿಕೆ ಪಡಬೇಕಾದ್ದು ಬೇರೆ ಇದೆ. ಇರುವ ಒಂದೇ ಡಿಸ್ಕನ್ನು ಪ್ರತಿ ರಜೆಗೂ ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬರ್ತೀವಲ್ಲ, ಅದು ಕಾಪಿ ಅಲ್ಲ. ಅದು ಊರೂರು ಸುತ್ತುವ ಒಂಟಿ ಮೂಲ. ಒಂದು ಸಲ ಕೈಜಾರಿದರೆ ಎರಡೂ ಊರಲ್ಲಿ ಏನೂ ಇಲ್ಲ.

2018 ನೆನಪಿದೆಯಾ? ಮೇ ಕೊನೆಯಲ್ಲಿ ಮೆಕುನು ಚಂಡಮಾರುತ ಸಲಾಲಾದ ಪಕ್ಕಕ್ಕೇ ಬಂದು ಅಪ್ಪಳಿಸಿತು, ರಸ್ತೆಗಳು ಹೊಳೆಯಾದವು. ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜಾರಿ ಮನೆಗಳ ಮೇಲೆ ಬಂದವು. ಒಂದೇ ಅರಬ್ಬಿ ಸಮುದ್ರದ ಎರಡು ದಡ, ಒಂದೇ ವರ್ಷ. ಇಲ್ಲಿ ಮಾತ್ರ ಇಟ್ಟರೂ ಅಪಾಯ, ಅಲ್ಲಿ ಮಾತ್ರ ಇಟ್ಟರೂ ಅಪಾಯ. ಎರಡೂ ದಡದಲ್ಲಿ ಇದ್ದರೆ ಮಾತ್ರ ನಿದ್ದೆ. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ 3-2-1 ಸೂತ್ರವೂ ಇದನ್ನೇ ಹೇಳುತ್ತೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಲ್ಲಿ.

ಯಂತ್ರಕ್ಕೆ ಒಪ್ಪಿಸಿ

ಮೊದಲ ಕಾಪಿ ಮುಗಿದ ಮೇಲೆ ವೇಗದ ಚಿಂತೆಯೇ ಬೇಡ. ಅದೇ 20 ಮೆಗಾಬಿಟ್‌ನಲ್ಲಿ ರಾತ್ರಿ 5 ಗಂಟೆ ಕಳಿಸಿದರೆ 45 ಜಿಬಿ ಹೋಗುತ್ತೆ. ಒಂದು ತಿಂಗಳಲ್ಲಿ ನೀವು ತೆಗೆದ ಹೊಸ ಫೋಟೋ, ವಿಡಿಯೋ ಬಹುಶಃ ಅಷ್ಟಿರಲ್ಲ. ಸಲಾಲಾದಲ್ಲಿ ಬೆಳಗಿನ ಜಾವ 1 ಗಂಟೆ ಅಂದರೆ ಊರಲ್ಲಿ 2:30. ಎರಡೂ ಮನೆ ಮಲಗಿರುತ್ತೆ. ಆ ಹೊತ್ತಿಗೆ ಕೆಲಸ ಮಾಡೋಕೆ ನೀವು ಎದ್ದಿರಬೇಕಿಲ್ಲ, ನಿದ್ದೆಗೆ ಜಾರದ ಕಂಪ್ಯೂಟರ್ ಸಾಕು. ರಾತ್ರಿ ಹೊತ್ತು ಸ್ಲೀಪ್ ಆಗದ ಹಾಗೆ ಪವರ್ ಸೆಟ್ಟಿಂಗ್ ಬದಲಾಯಿಸಿ.

ಬೇಕಾದ ಸಾಮಾನು ನಿಮ್ಮ ಯಂತ್ರದಲ್ಲೇ ಇದೆ. ವಿಂಡೋಸ್ ಆದರೆ ರೋಬೋಕಾಪಿ. ವಿಸ್ಟಾ ಕಾಲದಿಂದ ವಿಂಡೋಸ್ ಜೊತೆಗೇ ಬರ್ತಾ ಇದೆ, ಬೇರೆ ಇಳಿಸಿಕೊಳ್ಳಬೇಕಿಲ್ಲ. ಯಾವ ಫೋಲ್ಡರಿನಿಂದ ಯಾವ ಫೋಲ್ಡರಿಗೆ ಅಂತ ಒಂದು ಸಾಲು ಬರೆದು ಉಳಿಸಿ, ಟಾಸ್ಕ್ ಶೆಡ್ಯೂಲರ್‌ನಲ್ಲಿ ಅದಕ್ಕೊಂದು ಹೊತ್ತು ಗೊತ್ತು ಮಾಡಿ. ಆಗಲೇ ಹೋಗಿರುವ, ಬದಲಾಗದ ಫೈಲನ್ನು ಅದು ಮತ್ತೆ ಮುಟ್ಟಲ್ಲ, ಹೊಸದನ್ನು ಮಾತ್ರ ಒಯ್ಯುತ್ತೆ. ಒಂದು ಎಚ್ಚರಿಕೆ: ಫೈಲು ತೆರೆಯದಿದ್ದರೆ ಎಷ್ಟು ಸಲ ಪ್ರಯತ್ನಿಸಬೇಕು ಅಂತ ನೀವು ಹೇಳದಿದ್ದರೆ, ಅದು 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಬಾಗಿಲು ತಟ್ಟುತ್ತೆ. ಹಠಮಾರಿ. ಮೂರು ಸಲ ಸಾಕು ಅಂತ ಸಾಲಿನಲ್ಲೇ ಬರೆದುಬಿಡಿ.

ಮ್ಯಾಕ್, ಲಿನಕ್ಸ್ ಆದರೆ ಆರ್‌ಸಿಂಕ್. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಇದನ್ನು ಹೊರತಂದರು. ನಿಧಾನ ನೆಟ್‌ವರ್ಕಿನ ಕಷ್ಟಕ್ಕೆ ಅವರು ಕಂಡುಕೊಂಡ ಉಪಾಯ ಇಂದಿಗೂ ಚೆಂದ. ಫೈಲು ಪೂರ್ತಿ ಕಳಿಸುವ ಬದಲು ಎರಡೂ ಕಡೆಯ ತುಣುಕುಗಳ ಗುರುತನ್ನು ಹೋಲಿಸಿ, ವ್ಯತ್ಯಾಸ ಇರುವಷ್ಟನ್ನೇ ಕಳಿಸೋದು. ಅರ್ಧ ಹೋದ ಫೈಲನ್ನು ಉಳಿಸಿಕೊ ಅಂತ ಹೇಳಿದರೆ, ಕರೆಂಟು ಹೋಗಿ ಬಂದರೂ ಆ ಅರ್ಧ ವ್ಯರ್ಥ ಆಗಲ್ಲ.

ಇನ್ನು ಊರಿಗೆ ಕಳಿಸೋದು. ಊರಿನ ಮನೆಯಲ್ಲಿ ಯಾರೂ ಬಳಸದ ಹಳೇ ಲ್ಯಾಪ್‌ಟಾಪ್ ಇದ್ದೇ ಇರುತ್ತೆ. ನೀವು ಒಯ್ದ ಡಿಸ್ಕನ್ನು ಅದಕ್ಕೆ ಸಿಕ್ಕಿಸಿ, ಎರಡೂ ಕಡೆ ಸಿಂಕ್‌ಥಿಂಗ್ ಹಾಕಿ. ಅದು ಉಚಿತ. ನಡುವೆ ಯಾವ ಕಂಪನಿಯ ಉಗ್ರಾಣದಲ್ಲೂ ಫೈಲು ಉಳಿಯಲ್ಲ. ಸಲಾಲಾದ ಕಡೆ ‘ಕಳಿಸುವುದು ಮಾತ್ರ’, ಊರಿನ ಕಡೆ ‘ಪಡೆಯುವುದು ಮಾತ್ರ’ ಅಂತ ಇಡಿ. ಆಗ ಅಣ್ಣನ ಮಗ ಆಟಕ್ಕೆ ಏನಾದರೂ ಅಳಿಸಿದರೂ ಇಲ್ಲಿಯದಕ್ಕೆ ಏನೂ ಆಗಲ್ಲ.

ನಿಮ್ಮ ಆಕ್ಷೇಪಗಳಿಗೆ ಉತ್ತರ

‘ಕ್ಲೌಡ್‌ನಲ್ಲಿ ಇದೆಯಲ್ಲ?’ ಇರಲಿ, ಒಂದು ಪ್ರತಿ ಅಲ್ಲಿರೋದು ಒಳ್ಳೆಯದೇ. ಆದರೆ ಗೂಗಲ್ ಉಚಿತವಾಗಿ ಕೊಡೋದು 15 ಜಿಬಿ, 2021ರ ಜೂನ್‌ನಿಂದ ಹೊಸ ಫೋಟೋಗಳೂ ಆ ಲೆಕ್ಕದೊಳಗೇ. ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸುವ ನಿಯಮವೂ ಇದೆ. ಗಲ್ಫ್‌ನಲ್ಲಿರುವ ನಮಗೆ ಇನ್ನೊಂದು ಗಂಡಾಂತರ. ಖಾತೆಗೆ ಕೊಟ್ಟ ಫೋನ್ ನಂಬರು ಇಲ್ಲಿಯದು. ಕೆಲಸ ಮುಗಿಸಿ, ವೀಸಾ ರದ್ದು ಮಾಡಿಸಿ ಊರಿಗೆ ಹೋದ ದಿನ ಆ ಸಿಮ್ ಸತ್ತು ಹೋಗುತ್ತೆ. ಆರು ತಿಂಗಳ ಮೇಲೆ ಖಾತೆ ತೆರೆಯೋಕೆ ಹೋದರೆ ಒಟಿಪಿ ಯಾರ ಕೈಗೆ? ಬೀಗದ ಕೈ ಬಾಡಿಗೆ ಮನೆಯಲ್ಲೇ ಬಿಟ್ಟು ಬಂದ ಹಾಗೆ. ನಾವು ಇಲ್ಲಿ ಎಷ್ಟೇ ವರ್ಷ ಇದ್ದರೂ ಒಂದು ದಿನ ಹೊರಡಲೇಬೇಕು ಅನ್ನೋದನ್ನು ಮರೆತು ಯಾವ ವ್ಯವಸ್ಥೆಯನ್ನೂ ಮಾಡಬೇಡಿ.

‘ನನಗೆ ಕಂಪ್ಯೂಟರ್ ಅಷ್ಟು ಬರಲ್ಲ.’ ನಿಮಗೆ ಯಾವ ಎಕ್ಸ್‌ಚೇಂಜ್‌ನಲ್ಲಿ ರಿಯಾಲ್‌ಗೆ ನಾಲ್ಕು ಪೈಸೆ ಜಾಸ್ತಿ ಅಂತ ಗೊತ್ತು. ವೀಸಾ ನವೀಕರಣದ ಹತ್ತು ಹೆಜ್ಜೆ ಬಾಯಿಪಾಠ. ಇದು ಅದಕ್ಕಿಂತ ಸುಲಭ. ಬರಲ್ಲ ಅನ್ನೋದು ನಿಜ ಅಲ್ಲ, ಬೇಕಿಲ್ಲ ಅನ್ನೋದು ನಿಜ.

‘ಯಂತ್ರವೇ ತಪ್ಪು ಮಾಡಿದರೆ?’ ಈ ಪ್ರಶ್ನೆಗೆ ಮಾತ್ರ ನನ್ನ ಗೌರವ ಇದೆ. ಯಂತ್ರಕ್ಕೆ ತಪ್ಪು ಆಜ್ಞೆ ಕೊಟ್ಟರೆ ತಪ್ಪನ್ನೂ ದಿನಾ ರಾತ್ರಿ ನಿಷ್ಠೆಯಿಂದ ಮಾಡುತ್ತೆ. ರೋಬೋಕಾಪಿಯಲ್ಲಿ ‘ಮಿರರ್’, ಆರ್‌ಸಿಂಕ್‌ನಲ್ಲಿ ‘ಡಿಲೀಟ್’ ಅನ್ನುವ ಆಯ್ಕೆಗಳಿವೆ. ಮೂಲದಲ್ಲಿ ಇಲ್ಲದ್ದನ್ನು ಕಾಪಿಯಿಂದಲೂ ಅಳಿಸಿಬಿಡುತ್ತವೆ. ಮೂಲದ ಡಿಸ್ಕ್ ಖಾಲಿಯಾದ ರಾತ್ರಿ ಕಾಪಿಯೂ ಖಾಲಿ. ಅವನ್ನು ಮುಟ್ಟಬೇಡಿ. ಸಿಂಕ್‌ಥಿಂಗ್‌ನಲ್ಲೂ ನೀವು ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತೆ. ಅದಕ್ಕೇ ಊರಿನ ಕಡೆ ಹಳೆಯ ಪ್ರತಿ ಉಳಿಸಿಕೊಳ್ಳುವ ‘ವರ್ಷನಿಂಗ್’ ಆಯ್ಕೆಯನ್ನು ಮರೆಯದೆ ಹಾಕಿ. ಮೂರು ತಿಂಗಳಿಗೊಮ್ಮೆ ಕಾಪಿಯಿಂದ ಯಾವುದಾದರೂ ಒಂದು ವಿಡಿಯೋ ತೆರೆದು ಐದು ನಿಮಿಷ ನೋಡಿ. ತೆರೆದು ನೋಡದ ಕಾಪಿಯನ್ನು ಕಾಪಿ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಸಾವಿರ ಪ್ರತಿ

ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬಿಡುಗಡೆಯಾದದ್ದು 1934ರಲ್ಲಿ. ಇವತ್ತು ಅದರ ಒಂದು ಪ್ರತಿಯೂ ಉಳಿದಿಲ್ಲ. ಅದು ತೊಂಬತ್ತು ವರ್ಷದ ಹಿಂದಿನದಷ್ಟೇ. ಅದಕ್ಕೂ ಸಾವಿರ ವರ್ಷ ಹಿಂದಿನ ಪೊನ್ನನ ‘ಶಾಂತಿಪುರಾಣ’ ನಮ್ಮ ಕೈಯಲ್ಲಿದೆ. ದಾನಚಿಂತಾಮಣಿ ಅತ್ತಿಮಬ್ಬೆ ಅದರ ಸಾವಿರ ಪ್ರತಿ ಬರೆಸಿ ಹಂಚಿದಳು. ತಾಳೆಗರಿಯ ಮೇಲೆ, ಕಂಠದಿಂದ ಕೊರೆದು, ಒಂದೊಂದಾಗಿ. ಆಕೆ ‘ಒಳ್ಳೆಯ ಕೃತಿ, ಭದ್ರವಾಗಿ ಇಡಿ’ ಅಂತ ಹೇಳಿ ಸುಮ್ಮನಾಗಲಿಲ್ಲ. ಕಾಪಿ ಮಾಡುವ ಕೆಲಸಕ್ಕೆ ಜನ, ದುಡ್ಡು, ಏರ್ಪಾಡು ಎಲ್ಲವನ್ನೂ ಮಾಡಿದಳು. ಉಳಿಯೋದು ಬರೀ ಪ್ರೀತಿಯಿಂದ ಅಲ್ಲ, ಏರ್ಪಾಡಿನಿಂದ. ಆಕೆಗೆ ಲಿಪಿಕಾರರ ದಂಡು ಬೇಕಾಗಿತ್ತು. ನಿಮಗೆ ಒಂದು ಸಾಲು ಆಜ್ಞೆ ಸಾಕು, ಅದನ್ನೂ ಬರೆಯಲ್ಲ ಅಂತೀರಿ.

ಈಗ ಎರಡನೇ ತಲೆಮಾರಿನವರಿಗೆ ಒಂದು ಮಾತು. ಅಪ್ಪ ಅಮ್ಮನಿಗೆ ಕನ್ನಡ ಬರುತ್ತೆ, ಕಂಪ್ಯೂಟರ್ ಅಂದರೆ ಹೆದರಿಕೆ. ನಿಮಗೆ ಕಂಪ್ಯೂಟರ್ ಬರುತ್ತೆ, ಕನ್ನಡ ಅಂದರೆ ಹಿಂಜರಿಕೆ. ಈ ಕೆಲಸಕ್ಕೆ ಎರಡೂ ಬೇಕು, ಒಟ್ಟಿಗೆ ಕೂತುಕೊಳ್ಳಿ. ಫೋಲ್ಡರ್‌ಗೆ ಹೆಸರಿಡುವಾಗ ಮೊದಲು ವರ್ಷ, ತಿಂಗಳು, ಆಮೇಲೆ ಕನ್ನಡದಲ್ಲೇ ಊರು, ಮನುಷ್ಯರು, ಸಂದರ್ಭ ಬರೆಯಿರಿ. ‘ನ್ಯೂ ಫೋಲ್ಡರ್ 7’ ಒಳಗೆ ಏನಿದೆ ಅಂತ ಇನ್ನು ಹತ್ತು ವರ್ಷಕ್ಕೆ ಯಾರಿಗೂ ಗೊತ್ತಿರಲ್ಲ. ‘ಇದ್ಯಾರಮ್ಮ?’ ಅಂತ ಕೇಳೋಕೆ ಇವತ್ತು ಅಮ್ಮ ಇದ್ದಾರೆ.

ಈ ಗುರುವಾರ ರಾತ್ರಿ ಕೂತುಕೊಳ್ಳಿ, ಮರುದಿನ ಹೇಗೂ ರಜೆ. ಮೂರೇ ಕೆಲಸ. ಊರಲ್ಲಿ ಯಾರ ಫೋನಿನಲ್ಲಿ ಹಿರಿಯರ ಮೂಲ ವಿಡಿಯೋ ಇದೆ ಅಂತ ಕೇಳಿ, ಅದನ್ನು ಮೆಸೇಜಿನಲ್ಲಿ ವಿಡಿಯೋ ಆಗಿ ಕಳಿಸಬೇಡಿ, ಕುಗ್ಗದ ಹಾಗೆ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ. ನೀಲಿ ಕಿಂಡಿ ಹುಡುಕಿ ಡ್ರಾಯರಿನ ಡಿಸ್ಕಿಗೊಂದು ಜೊತೆ ಮಾಡಿ. ರಾತ್ರಿ 1 ಗಂಟೆಗೆ ಓಡುವ ಒಂದು ಸಾಲು ಬರೆದಿಡಿ. ಆಮೇಲೆ ಮಲಗಿ.

ನನ್ನ ಮನೆಯಲ್ಲಿ ಈಗ ಅದು ಪ್ರತಿ ರಾತ್ರಿ ಓಡುತ್ತೆ. ಅಜ್ಜಿಯ ಆ ತುಂಡುಗಳೂ ಅದರಲ್ಲಿವೆ, ಮೂರು ಪ್ರತಿ, ಎರಡು ದಡದಲ್ಲಿ. ದೋಣಿ ಹೋಯಿತೋ, ಹೋಗಬೇಕು ಅಂದರೋ, ಅದು ಮಾತ್ರ ಮೂರರಲ್ಲೂ ಕೇಳಿಸಲ್ಲ.